ಪೆರ್ಡೂರಿನ ಬಾಳೆಹಣ್ಣು, ರೈನ್ ತೀರದ ಮಧುಚಂದ್ರ

'ಚಿಕ್ಕಮ್ಮಾ, ಹನಿಮೂನಿಗೆ ಯುರೋಪಿಗೆ ಹೋಗ್ಬೇಕೂಂತ ಇದ್ದೇವೆ. ಅತ್ತೆ ಒಪ್ತಾ ಇಲ್ಲ. ನೀವಾದ್ರೂ ಒಂದು ಮಾತು ಹೇಳಿ' ಅಂತ ಅಕ್ಕನ ಮಗಳು ಫೋನ್ ಮಾಡಿದಾಗ ಜೂನ್ ಮಳೆ ಶುರುವಾಗಿತ್ತು. ಮದುವೆಯಾಗಿ ತಿಂಗಳೂ ಆಗಿರಲಿಲ್ಲ.

ವಿಚಾರಿಸಿದರೆ ಅತ್ತೆಯ ತಕರಾರು ಯುರೋಪಿನ ಮೇಲಲ್ಲ, ತಾರೀಕಿನ ಮೇಲೆ! ಆಟಿ ಕಳೆದು ಸೋಣ ತಿಂಗಳು ಕಾಲಿಡುವ ಸಿಂಹ ಸಂಕ್ರಮಣದಂದು, ಅಂದರೆ ಆಗಸ್ಟ್ ನಡುವೆ, ಪೆರ್ಡೂರಿನ ಅನಂತಪದ್ಮನಾಭ ದೇವಸ್ಥಾನದಲ್ಲಿ ಎಲ್ಲಿ ನೋಡಿದರೂ ಹೊಸ ಜೋಡಿಗಳು. ಅದಕ್ಕೇ ಅದು 'ಮದುಮಕ್ಕಳ ಜಾತ್ರೆ'. ಇಲ್ಲಿನ ದೇವರು ಕದಳೀಪ್ರಿಯ, ಬಾಳೆಹಣ್ಣೇ ಮುಖ್ಯ ಸೇವೆ. 'ಮೊದಲು ಅಲ್ಲಿ ಹಣ್ಣು ಕೊಟ್ಟು ಬನ್ನಿ, ಆಮೇಲೆ ಎಲ್ಲಿಗೆ ಬೇಕಾದ್ರೂ ಹೋಗಿ' ಅನ್ನುವುದಷ್ಟೇ ಆಕೆಯ ಮಾತು. ಟಿಕೆಟ್ ಇನ್ನೂ ಮಾಡಿರಲಿಲ್ಲ. ಸಂಕ್ರಮಣ ಕಳೆದು ಎರಡು ದಿನಕ್ಕೆ ವಿಮಾನ ಗೊತ್ತು ಮಾಡಿದರು. ಅತ್ತೆಯೂ ಖುಷಿ, ಸೊಸೆಯೂ ಖುಷಿ. ಒಂದು ವಾರ ಮುಂದೂಡಿದ್ದರಿಂದ ಕಳಕೊಂಡದ್ದೇನು ಹೇಳಿ?

ಎರಡನೇ ಪ್ರಶ್ನೆ, ಎಲ್ಲಿಗೆ ಹೋಗುವುದು? ಅಳಿಯ ಹಾಕಿದ್ದು ಹತ್ತು ದಿನಕ್ಕೆ ಐದು ದೇಶದ ಪಟ್ಟಿ. 'ಹಾಗೆ ಓಡಿದ್ರೆ ಬಸ್ಸಿನ ಕಿಟಕಿ ಮಾತ್ರ ನೋಡ್ತೀರಿ' ಅಂದೆ. ಕೊನೆಗೆ ಜರ್ಮನಿಯ ರೈನ್ ನದಿ ತೀರವೊಂದನ್ನೇ ಆರಿಸಿಕೊಂಡರು. ಬಿಂಗೆನ್‌ನಿಂದ ಕೊಬ್ಲೆನ್ಸ್‌ವರೆಗಿನ ಸುಮಾರು 65 ಕಿ.ಮೀ. ಕಣಿವೆಯಲ್ಲಿ 40ರಷ್ಟು ಕೋಟೆಗಳಿವೆ. 2002ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನದಿಯ ನಡುವಿನ ಬಂಡೆಯ ಮೇಲೆ ನಿಂತ ಫಾಲ್ಸ್‌ಗ್ರಾಫೆನ್‌ಸ್ಟೈನ್, ಹಿಂದೆ ಹಡಗುಗಳಿಂದ ಸುಂಕ ವಸೂಲಿ ಮಾಡುತ್ತಿದ್ದ ಕೋಟೆ. ಬ್ರೌಬಾಖ್ ಊರಿನ ಮಾರ್ಕ್ಸ್‌ಬುರ್ಗ್ ಒಮ್ಮೆಯೂ ನಾಶವಾಗದೆ ಉಳಿದದ್ದು. ನಮ್ಮ ಬಾರ್ಕೂರಿನ ಕೋಟೆಯ ಅವಶೇಷ ನೋಡಿದವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಅವರು ಉಳಿದದ್ದು ಬಾಖರಾಖ್ ಎಂಬ ಪುಟ್ಟ ಊರಿನಲ್ಲಿ. ಮರದ ಚೌಕಟ್ಟಿನ ಹಳೇ ಮನೆಗಳು, ಮೇಲೆ ಗುಡ್ಡದಲ್ಲಿ ಸ್ಟಾಲೆಕ್ ಕೋಟೆ. ಆ ಕೋಟೆಯೊಳಗೇ ಯೂತ್ ಹಾಸ್ಟೆಲ್ ಇದೆ. ಮೈನ್ಸ್‌ನಿಂದ ಕೊಬ್ಲೆನ್ಸ್‌ವರೆಗೆ ನದಿಗೆ ಸೇತುವೆಯೇ ಇಲ್ಲ, ಆಚೆ ದಡಕ್ಕೆ ಫೆರಿಯೇ ಗತಿ. 'ನಮ್ಮ ಕಡವಿನ ದೋಣಿ ನೆನಪಾಯ್ತು ಚಿಕ್ಕಮ್ಮಾ' ಅಂದಳು.

ಆದರೆ ಮೂರನೇ ದಿನ ಜಗಳ. ಅವನಿಗೆ ಇನ್ನೊಂದು ಕೋಟೆ ಹತ್ತುವಾಸೆ, ಇವಳಿಗೆ ಕಾಲುನೋವು. ಇಬ್ಬರೂ ಮುಖ ಊದಿಸಿಕೊಂಡು ನದಿದಂಡೆಯ ಬೆಂಚಿನಲ್ಲಿ ಕೂತರು. ಎಷ್ಟೋ ಹೊತ್ತಿನ ಮೇಲೆ ಅವನೇ ಬಾಯಿಬಿಟ್ಟ. ಈ ಪ್ರವಾಸಕ್ಕೆ ಸಾಲ ಮಾಡಿದ್ದಾನಂತೆ, ಮೂರು ವರ್ಷದ ಕಂತು! 'ಇಷ್ಟು ಖರ್ಚು ಮಾಡಿ ಬಂದು ಸುಮ್ಮನೆ ಕೂರೋದಾ?' ಎಂಬ ಚಡಪಡಿಕೆ ಅವನದು. ಇವಳಿಗೆ ಅಳುವೇ ಬಂತು. ಸಾಲಕ್ಕಲ್ಲ, ಮುಚ್ಚಿಟ್ಟದ್ದಕ್ಕೆ. ಅವತ್ತು ಸಂಜೆ ಹಾಸ್ಟೆಲಿನ ಊಟದ ಮೇಜಿನಲ್ಲಿ ಇಬ್ಬರ ಸಂಬಳ, ಬಾಡಿಗೆ, ಕಂತು ಎಲ್ಲಾ ಒಂದು ಕಾಗದದಲ್ಲಿ ಬರೆದರು. 'ಆ ಲೆಕ್ಕವೇ ನಮ್ಮ ನಿಜವಾದ ಹನಿಮೂನು' ಎಂದು ಈಗ ನಗುತ್ತಾಳೆ.

ಗೆಳತಿಯರೇ, ನಿಮ್ಮ ಮನೆಯ ಮಕ್ಕಳೂ ಹೊರಟಿದ್ದರೆ ಇಷ್ಟು ಹೇಳಿಬಿಡಿ:

* ಖರ್ಚು ಎಷ್ಟು, ದುಡ್ಡು ಎಲ್ಲಿಂದ ಎನ್ನುವುದು ಟಿಕೆಟ್ ಮಾಡುವ ಮೊದಲೇ ಇಬ್ಬರಿಗೂ ಗೊತ್ತಿರಲಿ. ಸಾಲ ಮಾಡುವುದಾದರೆ ಇಬ್ಬರೂ ಒಪ್ಪಿಯೇ ಮಾಡಲಿ.

* ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮೊದಲೇ ಅರ್ಜಿ ಹಾಕಬಹುದು. ಕಡೇಪಕ್ಷ 15 ದಿನ ಮೊದಲಾದರೂ ಹಾಕಲೇಬೇಕು. 2024ರ ಜೂನ್‌ನಿಂದ ದೊಡ್ಡವರಿಗೆ ಶುಲ್ಕ 90 ಯೂರೋ. ಕನಿಷ್ಠ 30,000 ಯೂರೋ ಮೊತ್ತದ ಪ್ರವಾಸ ವಿಮೆ ಕಡ್ಡಾಯ.

* ಮದುವೆಯಾಯಿತೆಂದು ಹೆಸರು ಬದಲಿಸುವ ಅವಸರ ಬೇಡ. ಟಿಕೆಟ್, ವೀಸಾ ಎರಡರಲ್ಲೂ ಪಾಸ್‌ಪೋರ್ಟಿನಲ್ಲಿರುವ ಹೆಸರೇ ಇರಲಿ.

* ತುಪ್ಪ, ಪೇಡೆ, ಹಾಲಿನ ಸಿಹಿತಿಂಡಿ ಕಟ್ಟಿಕೊಡಬೇಡಿ. ಹಾಲು, ಮಾಂಸದ ಪದಾರ್ಥಗಳನ್ನು ನಮ್ಮಂಥ ದೇಶಗಳಿಂದ ಒಳಗೆ ಒಯ್ಯಲು ಅಲ್ಲಿ ಬಿಡುವುದಿಲ್ಲ. ಅವಲಕ್ಕಿ, ಚಟ್ನಿಪುಡಿ ಆಗಬಹುದು.

* ಜರ್ಮನಿಯಲ್ಲಿ ಭಾನುವಾರ ಹೆಚ್ಚಿನ ಅಂಗಡಿಗಳಿಗೆ ಬಾಗಿಲು. ಶನಿವಾರವೇ ಹಣ್ಣು, ಬ್ರೆಡ್ ತಂದಿಟ್ಟುಕೊಳ್ಳಲಿ.

* ಒಂದು ದಿನವಾದರೂ ಏನೂ ನೋಡದೆ ಸುಮ್ಮನೆ ಇರಲಿ. ಮನಸ್ಸು ಬಿಚ್ಚಿ ಮಾತಾಡಲು ಪುರುಸೊತ್ತು ಸಿಗುವುದು ಅವತ್ತೇ.

ಅಂದಹಾಗೆ, ಹೆಚ್ಚಿನ ಹಣ್ಣುಗಳನ್ನು ಪ್ರಮಾಣಪತ್ರ ಇಲ್ಲದೆ ಯುರೋಪಿನೊಳಗೆ ಒಯ್ಯುವಂತಿಲ್ಲ. ಬಾಳೆಹಣ್ಣಿಗೆ ಮಾತ್ರ ವಿನಾಯಿತಿ ಇದೆ, ತೆಂಗು, ಅನಾನಸು, ಖರ್ಜೂರ, ಡುರಿಯನ್ ಹಣ್ಣಿಗೂ ಹಾಗೆಯೇ. ಪೆರ್ಡೂರಿನ ಪ್ರಸಾದದ ಎರಡು ಹಣ್ಣನ್ನು ಅತ್ತೆಯೇ ಸೊಸೆಯ ಕೈಚೀಲದಲ್ಲಿಟ್ಟಿದ್ದರಂತೆ. ಮೂರನೇ ದಿನಕ್ಕೆ ಸಿಪ್ಪೆ ಕಪ್ಪಾಗಿತ್ತು. ಜಗಳ ಮುಗಿದ ಮೇಲೆ ಅದೇ ಬೆಂಚಿನಲ್ಲಿ ಕೂತು ಒಬ್ಬೊಬ್ಬರು ಒಂದೊಂದು ತಿಂದರಂತೆ. 'ಅಷ್ಟು ಸಿಹಿ ಬಾಳೆಹಣ್ಣು ನಾನು ಈವರೆಗೆ ತಿಂದಿಲ್ಲ ಚಿಕ್ಕಮ್ಮಾ' ಅಂದಳು.