ಕಾಣದ ಮಂದ್ರ, ಕಾಣುವ ಖರ್ಚು: ಬೇಸ್ ಗಿಟಾರ್ ವಾದಕರ ವೇದಿಕೆಯ ಲೆಕ್ಕಾಚಾರ

ಸಂಗೀತ ಸಂಜೆಯಲ್ಲಿ ಎಲ್ಲರ ಕಣ್ಣು ಗಾಯಕರ ಮೇಲೆ. ಲೀಡ್ ಗಿಟಾರಿಗೆ ಚಪ್ಪಾಳೆ, ಡ್ರಮ್ಸ್‌ಗೆ ಶಿಳ್ಳೆ. ಡ್ರಮ್ಸ್‌ನ ಮಗ್ಗುಲಲ್ಲಿ ನಾಲ್ಕು ದಪ್ಪ ತಂತಿಗಳ ಗಿಟಾರ್ ಹಿಡಿದು ನಿಂತವನ ಹೆಸರನ್ನು ನಿರೂಪಕರು ಹೇಳಲು ಮರೆತರೂ ಸಭಿಕರ ಗಮನಕ್ಕೆ ಬರುವುದಿಲ್ಲ. ಆದರೆ ಆತ ಅರೆನಿಮಿಷ ಕೈ ಬಿಟ್ಟರೆ ಸಾಕು, ಹಾಡಿನ ಕಾಲಡಿಯ ನೆಲವೇ ಸರಿದಂತಾಗುತ್ತದೆ. ಏನು ಕಡಿಮೆಯಾಯಿತೆಂದು ಹೇಳಲು ಮಾತ್ರ ಬಹುತೇಕರಿಗೆ ಬಾರದು. ಕಛೇರಿಯಲ್ಲಿ ಮೃದಂಗದ ಎಡಗೈ ಮೌನವಾದಾಗ ಆಗುವ ಅನುಭವವೂ ಇಂತಹುದೇ.

ಬೆಂಗಳೂರಿನಂತಹ ನಗರದಲ್ಲಿ ಬೇಸ್ ಗಿಟಾರ್ ನುಡಿಸುವ ಬಹುಪಾಲು ಮಂದಿಗೆ ಅದೊಂದೇ ಜೀವನೋಪಾಯವಲ್ಲ. ವಾರದ ಐದು ದಿನ ಕಚೇರಿ, ಉಳಿದೆರಡು ದಿನ ಪಬ್, ಮದುವೆಯ ಆರತಕ್ಷತೆ, ಕಂಪನಿಗಳ ವಾರ್ಷಿಕೋತ್ಸವ. ಭಾದ್ರಪದ ಬಂತೆಂದರೆ ಗಣೇಶೋತ್ಸವದ ಪೆಂಡಾಲು. ಬಂದ ಸಂಭಾವನೆ ಐದಾರು ಪಾಲಾಗುತ್ತದೆ. ಆ ಪಾಲಿನಲ್ಲೇ ಆಟೋ ಬಾಡಿಗೆ, ತಂತಿ, ಬ್ಯಾಟರಿ, ಅಭ್ಯಾಸದ ಕೋಣೆಯ ಗಂಟೆ ಲೆಕ್ಕದ ಬಾಡಿಗೆ ಎಲ್ಲವೂ ಸೇರಬೇಕು. ಹೀಗಿರುವಾಗ ಇರುವ ಹಣವನ್ನು ಮೊದಲು ಯಾವುದಕ್ಕೆ ಸುರಿಯಬೇಕು? ಅಂಗಡಿಗೆ ಹೋದವನ ಕಣ್ಣು ಸಹಜವಾಗಿ ಗಿಟಾರಿನ ಮೇಲೆಯೇ ಬೀಳುತ್ತದೆ. ವೇದಿಕೆ ಕಲಿಸುವ ಪಾಠ ಬೇರೆ.

ಗಿಟಾರ್ ಮುಖ್ಯವಲ್ಲ ಎಂದಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರೇಡಿಯೊ ರಿಪೇರಿ ಅಂಗಡಿ ನಡೆಸುತ್ತಿದ್ದ ಲಿಯೊ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ಅನ್ನು ಮಾರುಕಟ್ಟೆಗೆ ತಂದಾಗ, ಆಳೆತ್ತರದ ಡಬಲ್ ಬೇಸ್ ಹೊತ್ತು ಊರೂರು ಅಲೆಯುತ್ತಿದ್ದ ವಾದಕರ ಬೆನ್ನು ನಿಜವಾಗಿಯೂ ಹಗುರಾಯಿತು. ಹಿಡಿಯ ಮೇಲೆ ಫ್ರೆಟ್ ಕೂರಿಸಿದ್ದರಿಂದ ಸ್ವರ ನಿಖರವಾಗಿ ನಿಲ್ಲುತ್ತಿತ್ತು. ಹೆಸರಿಗೆ ಅದೇ ಕಾರಣ. 34 ಅಂಗುಲದ ಆತನ ತಂತಿಯ ಅಳತೆಯನ್ನೇ ಇಂದಿಗೂ ಬಹುತೇಕ ತಯಾರಕರು ಅನುಸರಿಸುತ್ತಾರೆ. 1957ರಲ್ಲಿ ಆತ ಈ ವಾದ್ಯದ ಪಿಕಪ್ಪನ್ನು ಎರಡು ತುಂಡುಗಳಾಗಿ ಒಡೆದು ಜೋಡಿಸಿದ. ಒಂದರಲ್ಲಿ ಹೊಕ್ಕ ವಿದ್ಯುತ್ ಗುಂಯ್‌ಗುಡುವಿಕೆಯನ್ನು ಮತ್ತೊಂದು ಅಳಿಸಿಹಾಕುವಂತೆ ಮಾಡಿದ ಈ ಏರ್ಪಾಡು, ಟ್ಯೂಬ್‌ಲೈಟು ಮತ್ತು ಅಗ್ಗದ ಅಲಂಕಾರದ ದೀಪಗಳ ನಡುವೆ ನಿಲ್ಲುವ ನಮ್ಮ ವಾದಕರಿಗೆ ವರವೇ ಸರಿ. 1960ರಲ್ಲಿ ಬಂದ ಜಾಝ್ ಬೇಸ್‌ನ ಹಿಡಿ ತೆಳು, ನಾದದಲ್ಲಿ ವೈವಿಧ್ಯ ಹೆಚ್ಚು. ಆದರೆ ಅದರ ಎರಡು ಪಿಕಪ್‌ಗಳಲ್ಲಿ ಒಂದನ್ನು ತಗ್ಗಿಸಿದೊಡನೆ ಗುಂಯ್‌ಗುಡುವಿಕೆ ಕೇಳತೊಡಗುತ್ತದೆ.

ಈ ಎರಡು ಮಾದರಿಗಳ ನೆರಳಿನಲ್ಲೇ ಸ್ಕ್ವೈರ್, ಯಮಾಹಾ, ಕೋರ್ಟ್, ಐಬನೆಜ್ ಮುಂತಾದ ಕೈಗೆಟಕುವ ವಾದ್ಯಗಳು ಬಂದಿವೆ. ಸರಿಯಾಗಿ ಸೆಟ್‌ಅಪ್ ಮಾಡಿಸಿದ, ಅಂದರೆ ಹಿಡಿಯ ಬಾಗು, ತಂತಿಯ ಎತ್ತರ ಮತ್ತು ಶ್ರುತಿಶುದ್ಧಿಯನ್ನು ತಿದ್ದಿಸಿದ ಮಧ್ಯಮ ಬೆಲೆಯ ವಾದ್ಯಕ್ಕೂ ಅದರ ನಾಲ್ಕೈದು ಪಟ್ಟು ದುಬಾರಿಯಾದುದಕ್ಕೂ ಇರುವ ಅಂತರವನ್ನು ಪಬ್ಬಿನ ಗದ್ದಲದಲ್ಲಿ ಕುಳಿತವರು ಗುರುತಿಸಲಾರರು. ಬ್ಯಾಟರಿ ಬೇಡುವ ಆಕ್ಟಿವ್ ಗಿಟಾರ್ ಕೊಳ್ಳುವವರು ಒಂದು ಸಂಗತಿಯನ್ನು ಅರಿತಿರಬೇಕು: ಕೇಬಲ್ ಚುಚ್ಚಿಟ್ಟಷ್ಟು ಹೊತ್ತೂ ಒಳಗಿನ 9 ವೋಲ್ಟ್ ಬ್ಯಾಟರಿ ಸವೆಯುತ್ತಲೇ ಇರುತ್ತದೆ. ಸೌಂಡ್ ಚೆಕ್ ಮುಗಿಸಿ ಊಟಕ್ಕೆ ಹೋಗುವಾಗ ಕೇಬಲ್ ಕೀಳುವ ಅಭ್ಯಾಸವಿಲ್ಲದವರಿಗೆ ಮೂರನೆಯ ಹಾಡಿನಲ್ಲಿ ನಾದ ಒಡೆದು ಕೈಕೊಡುವುದು ಹೊಸತಲ್ಲ.

ನಾಲ್ಕು ತಂತಿಯೋ ಐದೋ ಎಂಬ ಚರ್ಚೆ ರಾಕ್ ವಾದಕರ ವಲಯದಲ್ಲಿ ಪ್ರತಿಷ್ಠೆಯ ವಿಷಯವಾಗಿರಬಹುದು. ಚಲನಚಿತ್ರಗೀತೆ ನುಡಿಸುವವನಿಗೆ ಅದು ಅಗತ್ಯದ ಮಾತು. ಗಾಯಕರು ಬದಲಾದಂತೆ ಶ್ರುತಿ ಬದಲಾಗುತ್ತದೆ. ಕೀಬೋರ್ಡ್ ವಾದಕ ಒಂದು ಗುಂಡಿ ಒತ್ತಿ ಶ್ರುತಿ ಇಳಿಸಿಬಿಡುತ್ತಾನೆ. ಬೇಸ್ ವಾದಕನಿಗೆ ಆ ಸೌಕರ್ಯವಿಲ್ಲ. ನಾಲ್ಕು ತಂತಿಯ ವಾದ್ಯ ‘ಇ’ ಸ್ವರಕ್ಕೆ ನಿಂತುಬಿಡುತ್ತದೆ. ಹಾಡು ‘ಡಿ’ ಶ್ರುತಿಗೆ ಇಳಿದರೆ ಆಧಾರ ಷಡ್ಜವನ್ನೇ ಒಂದು ಸ್ಥಾಯಿ ಮೇಲೆ ನುಡಿಸಬೇಕಾಗಿ, ಹಾಡಿನ ಭಾರ ಸಡಿಲಗೊಳ್ಳುತ್ತದೆ. ಐದನೆಯ ತಂತಿ ಇರುವುದು ಇದಕ್ಕಾಗಿ.

ಎಂಟು ಮೀಟರಿನ ಅಲೆ

ವೇದಿಕೆಯ ಬಹುತೇಕ ತಾಪತ್ರಯಗಳಿಗೆ ಮೂಲ ಭೌತಶಾಸ್ತ್ರದಲ್ಲಿದೆ. ಬೇಸ್ ಗಿಟಾರಿನ ‘ಇ’ ತಂತಿ ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ. ಗಾಳಿಯಲ್ಲಿ ಆ ಕಂಪನದ ಒಂದು ಅಲೆಯ ಉದ್ದ 8 ಮೀಟರಿಗೂ ಹೆಚ್ಚು. ಐದನೆಯ ತಂತಿಯದಾದರೆ 11 ಮೀಟರ್. ಎಷ್ಟೋ ಪಬ್‌ಗಳ ಅಗಲವೇ ಅಷ್ಟಿಲ್ಲ. ಅಲೆಗಳು ಗೋಡೆಗೆ ಬಡಿದು ಮರಳಿ, ಒಂದರ ಮೇಲೊಂದು ಬಿದ್ದು, ಕೆಲವೆಡೆ ಇಮ್ಮಡಿಸುತ್ತವೆ, ಕೆಲವೆಡೆ ಅಳಿದೇಹೋಗುತ್ತವೆ. ಮೂಲೆಯ ಮೇಜಿನವರಿಗೆ ಎದೆ ನಡುಗುವಷ್ಟು ಗುಡುಗು, ನಟ್ಟನಡುವೆ ಕುಳಿತವರಿಗೆ ಏನೂ ಇಲ್ಲ. ನುಡಿಸುವವನು ನಿಂತ ಜಾಗ ಇಂತಹ ಮೌನದ ಬಿಂದುವಾದರಂತೂ ಆತ ತನ್ನ ದನಿ ಕೇಳದೆ ಆಂಪ್ಲಿಫೈಯರ್ ಏರಿಸುತ್ತಾನೆ. ಮೂಲೆಯ ಮೇಜಿನವರು ಎದ್ದುಹೋಗುತ್ತಾರೆ.

ಮಂದ್ರ ಸ್ವರಕ್ಕೆ ವಿದ್ಯುತ್ ಕೂಡ ಹೆಚ್ಚು ಬೇಕು. ಕಿವಿಗೆ ದನಿ ಎರಡು ಪಟ್ಟಾದಂತೆ ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕಾಗುತ್ತದೆ. 1969ರಲ್ಲಿ ಬಂದ ಆಂಪೆಗ್ ಕಂಪನಿಯ ಎಸ್‌ವಿಟಿ ಎಂಬ 300 ವ್ಯಾಟ್‌ಗಳ ದೈತ್ಯ ಕ್ರೀಡಾಂಗಣಗಳನ್ನು ನಡುಗಿಸಿದ್ದು ನಿಜ. ಆದರೆ ಆಂಪ್ಲಿಫೈಯರ್ ಒಂದೇ ಸುಮಾರು 40 ಕೆ.ಜಿ. ತೂಗುತ್ತಿತ್ತು, ಸ್ಪೀಕರ್ ಪೆಟ್ಟಿಗೆ ಅದಕ್ಕೂ ಭಾರ. ಹಗುರ ಅಯಸ್ಕಾಂತದ ಸ್ಪೀಕರ್‌ಗಳು ಮತ್ತು ‘ಕ್ಲಾಸ್ ಡಿ’ ತಂತ್ರದ ಆಂಪ್ಲಿಫೈಯರ್‌ಗಳು ಬಂದ ಮೇಲೆ 500 ವ್ಯಾಟ್ ಎರಡು ಮೂರು ಕಿಲೋ ತೂಕದಲ್ಲಿ ಸಿಗುವಂತಾಯಿತು. ಲಿಫ್ಟ್ ಇಲ್ಲದ ಮೂರನೆಯ ಮಹಡಿಯ ಪಬ್ಬಿಗೆ ಸಾಮಾನು ಹೊತ್ತವರಿಗೆ ಇದರ ಬೆಲೆ ಗೊತ್ತು. ಹಳೆಯ ವಾಲ್ವ್‌ಗಳ ನಾದಮಾಧುರ್ಯದ ಬಗೆಗಿನ ವಾದವಿವಾದ ಸ್ಟುಡಿಯೋ ಇರುವವರಿಗೆ ಇರಲಿ.

ಮನೆಯಲ್ಲಿ ಒಬ್ಬನೇ ಕುಳಿತು ನುಡಿಸುವಾಗ ಮಂದ್ರವನ್ನೂ ತಾರವನ್ನೂ ಏರಿಸಿ ನಡುವಿನ ದನಿಯನ್ನು ತಗ್ಗಿಸಿದರೆ ಕಿವಿಗೆ ಬಲು ಇಂಪು. ಅದೇ ಜೋಡಣೆ ವೇದಿಕೆಗೆ ಹೋದರೆ ವಾದ್ಯವೇ ಕಾಣೆಯಾಗುತ್ತದೆ. ಕೆಳಗಿನ ಜಾಗವನ್ನು ಕಿಕ್ ಡ್ರಮ್, ಮೇಲಿನದನ್ನು ಸಿಂಬಲ್ ಆಕ್ರಮಿಸಿರುತ್ತವೆ. ಬೇಸ್‌ನ ಸ್ವರ ಯಾವುದೆಂದು ಕಿವಿ ಗುರುತಿಸುವುದು ನಡುವಿನ ದನಿಯಿಂದಲೇ. ಸಣ್ಣ ಸ್ಪೀಕರ್‌ಗಳಿಂದ 41 ಹರ್ಟ್ಸ್ ಹೊರಡುವುದೇ ಇಲ್ಲ. ಆದರೂ ಅದರ ಮೇಲಿನ 82, 123 ಹರ್ಟ್ಸ್‌ಗಳ ಉಪಸ್ವರಗಳನ್ನು ಕೇಳಿ ಮಿದುಳು ಮೂಲಸ್ವರವನ್ನು ತಾನೇ ಕಲ್ಪಿಸಿಕೊಳ್ಳುತ್ತದೆ. ಮೊಬೈಲಿನಲ್ಲಿ ಹಾಡು ಕೇಳುವವರಿಗೂ ಬೇಸ್ ಒಂದಿಷ್ಟು ಕೇಳಿಸುವುದು ಈ ಮಾಯೆಯಿಂದಲೇ.

ಅರ್ಥ್ ಪಿನ್ನಿನ ಅಪಾಯ

ಇಷ್ಟಕ್ಕೂ ದೊಡ್ಡ ಸಭಾಂಗಣದಲ್ಲಿ, ಬಯಲು ವೇದಿಕೆಯಲ್ಲಿ ಸಭಿಕರು ಕೇಳುವುದು ವಾದಕನ ಸ್ವಂತ ಆಂಪ್ಲಿಫೈಯರನ್ನಲ್ಲ, ಮೈಕ್‌ಸೆಟ್‌ನವರ ಸ್ಪೀಕರ್‌ಗಳನ್ನು. ಮಿಕ್ಸರ್ ಇರುವುದು ಇಪ್ಪತ್ತು ಮೂವತ್ತು ಮೀಟರ್ ದೂರದಲ್ಲಿ. ಗಿಟಾರಿನ ಸಾಮಾನ್ಯ ಕೇಬಲನ್ನು ಅಷ್ಟು ದೂರ ಎಳೆದರೆ ನಾದ ಮಂಕಾಗಿ, ದಾರಿಯುದ್ದದ ವಿದ್ಯುತ್ ಗದ್ದಲವೆಲ್ಲ ಒಳಹೊಕ್ಕುತ್ತದೆ. ಗಿಟಾರಿನ ಸಂಕೇತವನ್ನು ಮೈಕ್ ಕೇಬಲಿನಲ್ಲಿ ಸಾಗಬಲ್ಲಂತೆ ಪರಿವರ್ತಿಸುವ, ಅಂಗೈಗಿಂತ ತುಸು ದೊಡ್ಡದಾದ ಕಬ್ಬಿಣದ ಡಬ್ಬಿಯೇ ಡಿಐ ಬಾಕ್ಸ್. ನೋಡಲು ಏನೂ ಇಲ್ಲ, ಫೋಟೊದಲ್ಲಿ ಬೀಳುವುದೂ ಇಲ್ಲ. ಆದರೆ ಸಾವಿರಾರು ಸಭಿಕರಿಗೂ ವಾದಕನ ಬೆರಳಿಗೂ ನಡುವೆ ಇರುವುದು ಇದೊಂದೇ. 1960ರ ದಶಕದಲ್ಲಿ ಡೆಟ್ರಾಯಿಟ್‌ನ ಮೋಟೌನ್ ಸ್ಟುಡಿಯೋದಲ್ಲಿ ಜೇಮ್ಸ್ ಜೇಮರ್ಸನ್ ನುಡಿಸಿದ, ಇಂದಿಗೂ ಬೇಸ್ ಕಲಿಯುವವರ ಪಠ್ಯದಂತಿರುವ ಎಷ್ಟೋ ಗೀತೆಗಳಲ್ಲಿ ಗಿಟಾರನ್ನು ನೇರವಾಗಿ ಮಿಕ್ಸರಿಗೇ ಜೋಡಿಸಲಾಗಿತ್ತು. ಆತನ ಕೈಯಲ್ಲಿದ್ದುದು ಒಂದು ಪ್ರಿಸಿಷನ್ ಬೇಸ್, ಅದರ ತಂತಿಗಳನ್ನು ತುಂಡಾಗುವವರೆಗೆ ಬದಲಿಸುತ್ತಿರಲಿಲ್ಲ ಎಂಬುದು ಪ್ರಸಿದ್ಧ.

ವೇದಿಕೆಯಲ್ಲಿ ಗುಂಯ್ ಎಂಬ ನಾದ ಕೇಳತೊಡಗಿದರೆ ಗಿಟಾರ್ ಹಿಡಿದು ನಿಂತಲ್ಲೇ ಒಂದು ಸುತ್ತು ತಿರುಗಿ ನೋಡಬೇಕು. ತಿರುಗಿದಂತೆ ಸದ್ದು ಹೆಚ್ಚು ಕಡಿಮೆಯಾದರೆ ತಪ್ಪು ಪಿಕಪ್ಪಿನದು. ಬದಲಾಗದಿದ್ದರೆ ಹೆಚ್ಚಾಗಿ ಆಂಪ್ಲಿಫೈಯರ್ ಮತ್ತು ಮಿಕ್ಸರ್ ಬೇರೆ ಬೇರೆ ಕಡೆಯಿಂದ ವಿದ್ಯುತ್ ಪಡೆದು, ಎರಡರ ಅರ್ಥಿಂಗ್ ನಡುವೆ ಒಂದು ವರ್ತುಲ ಏರ್ಪಟ್ಟಿರುತ್ತದೆ. ನಮ್ಮ ದೇಶದ ವಿದ್ಯುತ್ತಿನ ಕಂಪನ 50 ಹರ್ಟ್ಸ್. ಬೇಸ್‌ನ ಮಂದ್ರ ‘ಜಿ’ ಸ್ವರ 49 ಹರ್ಟ್ಸ್. ಹೀಗಾಗಿ ಮಿಕ್ಸರಿನಲ್ಲಿ ಗುಂಯ್‌ಗುಡುವಿಕೆಯನ್ನು ಕತ್ತರಿಸಹೊರಟರೆ ಹಾಡಿನ ಸ್ವರವೂ ಜೊತೆಗೇ ಕತ್ತರಿಸಿಹೋಗುತ್ತದೆ.

ಇಂತಹ ಹೊತ್ತಿನಲ್ಲಿ ಆತುರದ ಕೈಯೊಂದು ಪ್ಲಗ್ಗಿನ ಮೂರನೆಯ ಪಿನ್ನನ್ನು ಮುರಿಯುವುದು, ಇಲ್ಲವೇ ಎರಡೇ ತಂತಿಯ ವೈರನ್ನು ಜೋಡಿಸುವುದು ಉಂಟು. ಸದ್ದು ನಿಲ್ಲುತ್ತದೆ, ಎಲ್ಲರಿಗೂ ಸಮಾಧಾನ. ಇದರಷ್ಟು ಅಪಾಯದ ಕೆಲಸ ವೇದಿಕೆಯಲ್ಲಿ ಬೇರೊಂದಿಲ್ಲ. ಗಿಟಾರಿನ ತಂತಿಗಳು ಕೇಬಲ್ ಮೂಲಕ ಆಂಪ್ಲಿಫೈಯರಿನ ಲೋಹದ ಚೌಕಟ್ಟಿಗೆ ಜೋಡಿಸಲ್ಪಟ್ಟಿರುತ್ತವೆ. ಅರ್ಥ್ ಇಲ್ಲದ ಆಂಪ್ಲಿಫೈಯರಿನೊಳಗೆ ಒಂದು ತಂತಿ ಸಡಿಲವಾಗಿ ಚೌಕಟ್ಟಿಗೆ ತಾಗಿದರೆ 230 ವೋಲ್ಟ್ ನೇರ ವಾದಕನ ಕೈಗೆ ಬರುತ್ತದೆ. ಆತ ಜೊತೆಗೆ ಹಾಡಲೆಂದು ಮೈಕಿಗೆ ತುಟಿ ತಾಗಿಸಿದರೆ ವಿದ್ಯುತ್ತಿನ ದಾರಿ ಪೂರ್ಣಗೊಳ್ಳುತ್ತದೆ. ಮಳೆಯಲ್ಲಿ ನೆನೆದ ಪೆಂಡಾಲು, ಜನರೇಟರ್, ಬೆವರಿದ ಕೈಗಳು ಸೇರಿದರೆ ಹೇಳುವುದೇ ಬೇಡ. ಸ್ಟೋನ್ ದಿ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವಿ 1972ರಲ್ಲಿ ವೇಲ್ಸ್‌ನ ಸ್ವಾನ್‌ಸಿಯಲ್ಲಿ, ಸರಿಯಾದ ಅರ್ಥಿಂಗ್ ಇಲ್ಲದ ಮೈಕ್ ಮುಟ್ಟಿ ವೇದಿಕೆಯ ಮೇಲೆಯೇ ಪ್ರಾಣ ಕಳೆದುಕೊಂಡರು.

ಡಿಐ ಬಾಕ್ಸ್‌ನ ಬದಿಯಲ್ಲಿ ‘ಗ್ರೌಂಡ್ ಲಿಫ್ಟ್’ ಎಂಬ ಪುಟ್ಟ ಸ್ವಿಚ್ ಇರುವುದು ಈ ಕಾರಣಕ್ಕೆ. ಅದು ಸಂಕೇತದ ಕೇಬಲಿನಲ್ಲಿರುವ ಅರ್ಥ್ ಸಂಪರ್ಕವನ್ನಷ್ಟೇ ಬಿಡಿಸಿ ವರ್ತುಲವನ್ನು ಮುರಿಯುತ್ತದೆ. ಪ್ರಾಣ ಕಾಯುವ ಮೂರನೆಯ ಪಿನ್ನಿನ ಗೊಡವೆಗೆ ಹೋಗುವುದಿಲ್ಲ. ಸಾಕೆಟ್‌ನ ಅರ್ಥಿಂಗ್ ಇದೆಯೋ ಇಲ್ಲವೋ ತೋರಿಸುವ ಚಿಕ್ಕ ಟೆಸ್ಟರ್ ಒಂದು ಸೆಟ್ ತಂತಿಗಿಂತ ಅಗ್ಗವಾಗಿ ಸಿಗುತ್ತದೆ. ಮೈಕ್ ಮುಟ್ಟುವ ಮುನ್ನ ಅದನ್ನು ಚುಚ್ಚಿ ನೋಡುವವನನ್ನು ತಂಡದ ಗೆಳೆಯರು ಪುಕ್ಕಲನೆಂದು ಗೇಲಿ ಮಾಡಬಹುದು. ಮಾಡಿಕೊಳ್ಳಲಿ.

ಕಿವಿಯ ಮಾತೂ ಉಂಟು. ಡ್ರಮ್ಸ್‌ನೊಡನೆ ತಾಳ ಬೆಸೆಯಲು ಬೇಸ್ ವಾದಕ ಹೈ-ಹ್ಯಾಟ್ ಪಕ್ಕದಲ್ಲೇ ನಿಲ್ಲುವುದು ರೂಢಿ. ವರ್ಷಗಟ್ಟಲೆ ಸಿಂಬಲ್‌ನ ಏಟು ಬೀಳುವುದು ಒಂದೇ ಕಿವಿಗೆ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆಯ ಲೆಕ್ಕದಂತೆ 85 ಡೆಸಿಬಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಾಳಬಹುದು, 100 ಡೆಸಿಬಲ್ ಆದರೆ ಬರೀ 15 ನಿಮಿಷ. ಪಬ್ಬಿನ ಒಂದು ಪ್ರದರ್ಶನ ಎರಡು ಗಂಟೆ ನಡೆಯುತ್ತದೆ. ಸಂಗೀತಗಾರರಿಗೆಂದೇ ಇರುವ, ಎಲ್ಲ ಸ್ವರಗಳನ್ನೂ ಹೆಚ್ಚುಕಡಿಮೆ ಸಮನಾಗಿ ತಗ್ಗಿಸುವ ಇಯರ್‌ಪ್ಲಗ್‌ಗಳು ದುಬಾರಿ ಎನ್ನುವವರು ಹೊಸ ಪೆಡಲಿನ ಬೆಲೆಯೊಡನೆ ಅದನ್ನು ಹೋಲಿಸಿ ನೋಡಬೇಕು.

ಇನ್ನು ಅವಕಾಶಗಳ ಪ್ರಶ್ನೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರ ನಂತರ ಬಯಲಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಹಬ್ಬಗಳಿಗೆ ವರ್ಷದಲ್ಲಿ 15 ದಿನ ಮೀರದಂತೆ ಮಧ್ಯರಾತ್ರಿಯವರೆಗೆ ಸಡಿಲಿಕೆ ನೀಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ನೆರೆಹೊರೆಯವರ ದೂರು ಬರುವುದು ಮೊದಲು ಬೇಸ್ ಮೇಲೆಯೇ, ಏಕೆಂದರೆ ಗೋಡೆ ದಾಟುವುದರಲ್ಲಿ ಮಂದ್ರವನ್ನು ಮೀರಿಸುವವರಿಲ್ಲ. ವಿಚಿತ್ರವೆಂದರೆ ನಿಯಮ ಬಳಸುವ ಡೆಸಿಬಲ್ ‘ಎ’ ಮಾಪನ 40 ಹರ್ಟ್ಸ್ ಆಸುಪಾಸಿನ ಸದ್ದಿನಿಂದ ಸುಮಾರು 34 ಡೆಸಿಬಲ್ ಕಳೆದೇ ಲೆಕ್ಕ ಹಾಕುತ್ತದೆ. ಮೀಟರ್ ಸುಮ್ಮನಿರುತ್ತದೆ, ಪಕ್ಕದ ಮನೆಯ ಕಿಟಕಿ ಅದುರುತ್ತದೆ. ಮನರಂಜನಾ ಸ್ಥಳಗಳ ಪರವಾನಗಿ ಕುರಿತ 2005ರ ಬೆಂಗಳೂರು ನಗರ ಆದೇಶವನ್ನು ಸುಪ್ರೀಂ ಕೋರ್ಟ್ 2018ರ ಜನವರಿಯಲ್ಲಿ ಎತ್ತಿಹಿಡಿದ ಮೇಲೆ, ಆ ವರ್ಷ ನಗರದ ಹಲವು ಪಬ್‌ಗಳಲ್ಲಿ ವಾದ್ಯಸಂಗೀತ ಕೆಲಕಾಲ ನಿಂತೇಹೋಗಿತ್ತು. ವಾರಾಂತ್ಯದ ಸಂಭಾವನೆ ನಂಬಿ ಕಂತಿನಲ್ಲಿ ಆಂಪ್ಲಿಫೈಯರ್ ಕೊಂಡವರ ಪಾಡು ಊಹಿಸಬಹುದು.

ಖರ್ಚು ಇಳಿಸಲು ಕೀಬೋರ್ಡ್ ವಾದಕನ ಎಡಗೈಗೇ ಬೇಸ್ ಒಪ್ಪಿಸುವ ಆರ್ಕೆಸ್ಟ್ರಾಗಳೂ ಇವೆ. ಸರಳ ಹಾಡುಗಳಲ್ಲಿ ಅದು ನಡೆದುಹೋಗುತ್ತದೆ. ಆದರೆ ‘ಗೀತಾ’ (1981) ಅಥವಾ ‘ಪಲ್ಲವಿ ಅನುಪಲ್ಲವಿ’ (1983) ಚಿತ್ರದ ಹಾಡೊಂದಕ್ಕೆ ಸಭೆಯಿಂದ ಚೀಟಿ ಬಂತೆಂದರೆ ಕಷ್ಟ ಶುರುವಾಗುತ್ತದೆ. ಇಳಯರಾಜ ಅವರ ಸಂಯೋಜನೆಗಳಲ್ಲಿ ಬೇಸ್ ಗಿಟಾರ್ ಗಾಯನದ ಕೆಳಗೆ ತನ್ನದೇ ಇನ್ನೊಂದು ಹಾಡನ್ನು ಹಾಡುತ್ತಿರುತ್ತದೆ. ಒಂದು ಸ್ವರದಿಂದ ಇನ್ನೊಂದಕ್ಕೆ ಬೆರಳು ಜಾರುವ ಬಗೆ, ಸ್ವರವನ್ನು ಎಷ್ಟು ಹೊತ್ತಿಗೆ ಅಂಗೈಯಿಂದ ಅಡಗಿಸಬೇಕೆಂಬ ಎಣಿಕೆ, ಇವೆಲ್ಲ ಕೀಲಿಮಣೆಯ ಎಡತುದಿಯಲ್ಲಿ ಸಿಗುವಂಥವಲ್ಲ. ಹಬ್ಬದ ತಿಂಗಳಲ್ಲಿ ಅನೇಕ ತಂಡಗಳು ಹಾಡಿನ ಪಟ್ಟಿ ನೋಡಿ, ಒಂದೇ ಸಂಜೆಯ ಮಟ್ಟಿಗಾದರೂ, ಬೇಸ್ ವಾದಕನಿಗೆ ಫೋನ್ ಮಾಡುವುದು ಇದೇ ಕಾರಣಕ್ಕೆ.