ಪೀಕಿಂಗಿನಿಂದ ಬಂದ ಇಪ್ಪತ್ತು ಹ್ಯಾಮ್ಸ್ಟರ್‌ಗಳು

ಇಂಜೆಕ್ಷನ್ ಜೊತೆ ಬರುವ ಚೀಟಿಯನ್ನು ಪೂರ್ತಿ ಓದುವವರು ಕಡಿಮೆ. ಓದಿದ ಒಬ್ಬರು ಕೇಳಿದ್ದಾರೆ: "ನಮ್ಮ ತಂದೆಗೆ ಡಯಾಲಿಸಿಸ್ ನಡೆಯುತ್ತಿದೆ. ರಕ್ತ ಕಡಿಮೆ ಇದೆ ಎಂದು ಎರಿಥ್ರೊಪೊಯಿಟಿನ್ ಕೊಡುತ್ತಾರೆ. ಅದನ್ನು ಚೈನೀಸ್ ಹ್ಯಾಮ್ಸ್ಟರಿನ ಅಂಡಾಶಯದ ಜೀವಕೋಶದಿಂದ ಮಾಡಿದ್ದೆಂದು ಚೀಟಿಯಲ್ಲಿದೆ. ನಾವು ಮಾಂಸ ಮುಟ್ಟದವರು. ಒಂದೊಂದು ಇಂಜೆಕ್ಷನ್ನಿಗೂ ಒಂದೊಂದು ಪ್ರಾಣಿ ಸಾಯುತ್ತದೆಯೇ?"

ಇಲ್ಲ. ಈ ಜೀವಕೋಶಗಳೆಲ್ಲ 1957ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಒಂದೇ ಒಂದು ಹೆಣ್ಣು ಹ್ಯಾಮ್ಸ್ಟರಿನಿಂದ ತೆಗೆದ ಅಂಡಾಶಯದ ಚೂರಿನ ಸಂತತಿ. ಅವು ಅಂದಿನಿಂದ ಒಡೆದು ಎರಡಾಗುತ್ತಲೇ ಇವೆ. ಬೇಡವಾದಾಗ ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ ಇಡುತ್ತಾರೆ, ಬೇಕಾದಾಗ ಕರಗಿಸಿ ಬೆಳೆಸುತ್ತಾರೆ. ಕಾರ್ಖಾನೆಯಲ್ಲಿ ಅವು ಇರುವುದು ಎತ್ತರದ ಸ್ಟೀಲ್ ಟ್ಯಾಂಕುಗಳಲ್ಲಿ, ನಮ್ಮ ಮೈಯಷ್ಟೇ ಬೆಚ್ಚಗಿನ ಪೋಷಕ ದ್ರವದಲ್ಲಿ. ಒಳಗೆ ರೆಕ್ಕೆಯೊಂದು ನಿಧಾನವಾಗಿ ಕಲಕುತ್ತಿರುತ್ತದೆ, ತಳದಿಂದ ಗಾಳಿಯ ಗುಳ್ಳೆಗಳು ಏಳುತ್ತಿರುತ್ತವೆ. ಜೀವಕೋಶಗಳು ಔಷಧದ ಪ್ರೋಟೀನನ್ನು ತಾವೇ ಆ ದ್ರವಕ್ಕೆ ಬಿಡುತ್ತವೆ. ಆಮೇಲೆ ಜೀವಕೋಶಗಳನ್ನು ಸೋಸಿ ತೆಗೆದು, ಉಳಿದ ದ್ರವವನ್ನು ಹಲವು ಹಂತಗಳಲ್ಲಿ ಶುದ್ಧಮಾಡುತ್ತಾರೆ. ತಂದೆಯವರು ನಿಶ್ಚಿಂತೆಯಿಂದ ತೆಗೆದುಕೊಳ್ಳಲಿ.

ಇನ್ಸುಲಿನ್ನನ್ನು ಬ್ಯಾಕ್ಟೀರಿಯಾದಿಂದ ಮಾಡಿಸುವಾಗ ಇದನ್ನೇಕೆ ಮಾಡಿಸಬಾರದು? ಎರಿಥ್ರೊಪೊಯಿಟಿನ್ ಬರಿಯ ಪ್ರೋಟೀನ್ ಅಲ್ಲ, ಅದರ ಮೈಗೆ ನಾಲ್ಕು ಕಡೆ ಸಕ್ಕರೆಯ ಸರಪಳಿಗಳು ಅಂಟಿಕೊಂಡಿವೆ. ಸರಪಳಿ ಇಲ್ಲದ ಎರಿಥ್ರೊಪೊಯಿಟಿನ್ ಸಿಪ್ಪೆ ಸುಲಿದಿಟ್ಟ ಬಾಳೆಹಣ್ಣಿನಂತೆ, ಹೆಚ್ಚು ಹೊತ್ತು ಉಳಿಯುವುದಿಲ್ಲ. ಮೂಳೆಯ ಮಜ್ಜೆಯಲ್ಲಿ ಕೆಲಸ ಮಾಡುವಷ್ಟು ಹೊತ್ತು ರಕ್ತದಲ್ಲಿ ನಿಲ್ಲದೆ ಹೊರಟುಹೋಗುತ್ತದೆ. ಪ್ರಯೋಗಾಲಯದ ಬ್ಯಾಕ್ಟೀರಿಯಾಕ್ಕೆ ಈ ಸರಪಳಿ ಹೆಣೆಯಲು ಬಾರದು. ಹ್ಯಾಮ್ಸ್ಟರಿನ ಜೀವಕೋಶ ಹೆಣೆಯುವುದು ಮನುಷ್ಯರದಕ್ಕೆ ಬಹಳ ಹತ್ತಿರವಾದ ಸರಪಳಿ.

ಈ ಜೀವಕೋಶದಿಂದ ಮಾಡಿಸಲು ಕಲಿಯುವ ಮೊದಲು ಎರಿಥ್ರೊಪೊಯಿಟಿನ್ ಎಷ್ಟು ದುರ್ಲಭವಾಗಿತ್ತೆಂದರೆ, ಜಪಾನಿನ ತಕಾಜಿ ಮಿಯಾಕೆ ಅವರು ಅಪ್ಲಾಸ್ಟಿಕ್ ಅನೀಮಿಯಾ ರೋಗಿಗಳ 2,550 ಲೀಟರ್ ಮೂತ್ರವನ್ನು ಕೂಡಿಸಿ, ಒಣಗಿಸಿ, ಆ ಸಾರವನ್ನು ಬಟ್ಟೆಯಲ್ಲಿ ಗಂಟುಕಟ್ಟಿ ಶಿಕಾಗೊಗೆ ಒಯ್ದರು. ಅಲ್ಲಿ ಯೂಜೀನ್ ಗೋಲ್ಡ್‌ವಾಸರ್ ತಂಡ ಅದನ್ನು ಶುದ್ಧಮಾಡಿದಾಗ ಕೈಗೆ ಬಂದದ್ದು ಸುಮಾರು 8 ಮಿಲಿಗ್ರಾಂ. ಇದು 1977ರ ಮಾತು. 1989ರಲ್ಲಿ ಹ್ಯಾಮ್ಸ್ಟರ್ ಜೀವಕೋಶದಲ್ಲಿ ತಯಾರಾದ ಎರಿಥ್ರೊಪೊಯಿಟಿನ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು.

ಆದರೆ ಹ್ಯಾಮ್ಸ್ಟರೇ ಏಕೆ? ಔಷಧ ಮಾಡಲೆಂದು ಅದನ್ನು ಯಾರೂ ಹುಡುಕಿಕೊಂಡು ಹೋಗಲಿಲ್ಲ. ನನಗೆ ಈ ಕತೆ ಇಷ್ಟವಾಗುವುದು ಅದಕ್ಕೇ. 1919ರಲ್ಲಿ ಪೀಕಿಂಗಿನ ಇ. ಟಿ. ಶೇ ಅವರು ನ್ಯುಮೋನಿಯಾ ರೋಗಾಣುವಿನ ಬಗೆಗಳನ್ನು ಗುರುತಿಸುವ ಪರೀಕ್ಷೆಗೆ ಬಿಳಿ ಇಲಿಯ ಬದಲು ಈ ಚಿಕ್ಕ, ಗಿಡ್ಡ ಬಾಲದ ಪ್ರಾಣಿಯನ್ನು ಬಳಸಿದರು. 1924ರ ಹೊತ್ತಿಗೆ ಕಾಳಾ ಆಜಾರ್ ಕಾಯಿಲೆಯ ಪರಾವಲಂಬಿ ಇದರ ಮೈಯಲ್ಲಿ ಚೆನ್ನಾಗಿ ಬೆಳೆಯುತ್ತದೆಂದು ಚೀನಾದಲ್ಲಿದ್ದ ವೈದ್ಯರು ಕಂಡುಕೊಂಡರು. ತೊಡಕೆಂದರೆ ಬೋನಿನಲ್ಲಿಟ್ಟರೆ ಇದು ಮರಿ ಹಾಕಲು ಒಪ್ಪುತ್ತಿರಲಿಲ್ಲ. ಹೆಣ್ಣು ಗಂಡಿನ ಮೇಲೆ ಬೀಳುತ್ತಿತ್ತು. ಹಾಗಾಗಿ ಪ್ರತಿ ಸಲವೂ ಹೊಲಗಳಿಂದ ಹಿಡಿದು ತರಬೇಕಿತ್ತು.

1948ರ ಕೊನೆಯಲ್ಲಿ ಚೀನಾದ ಅಂತರ್ಯುದ್ಧದಲ್ಲಿ ಕಮ್ಯುನಿಸ್ಟರು ಗೆಲ್ಲುತ್ತಿದ್ದಾಗ ಪೀಕಿಂಗಿನ ರೋಗವಿಜ್ಞಾನಿ ಸಿ. ಎಚ್. ಹು ಹತ್ತು ಗಂಡು, ಹತ್ತು ಹೆಣ್ಣು ಹ್ಯಾಮ್ಸ್ಟರುಗಳನ್ನು ಪೆಟ್ಟಿಗೆಯಲ್ಲಿಟ್ಟು ರಾಕ್‌ಫೆಲ್ಲರ್ ಪ್ರತಿಷ್ಠಾನದ ರಾಬರ್ಟ್ ವಾಟ್ಸನ್ ಅವರಿಗೆ ಕಳಿಸಿಕೊಟ್ಟರು. ವಾಟ್ಸನ್ ಅವನ್ನು ಶಾಂಘೈಯಿಂದ ವಿಮಾನದಲ್ಲಿ ದಾಟಿಸಿದರು. ಹು ಅವರ ಮೇಲೆ ಅಮೆರಿಕದ ಜೀವಾಣು ಯುದ್ಧಕ್ಕೆ ನೆರವಾದ ಆಪಾದನೆ ಬಂತು. ಇಷ್ಟು ಜನ ಬದುಕಿಕೊಂಡಿರುವ ಔಷಧಗಳ ಮೂಲದಲ್ಲಿರುವ ಆ ಮನುಷ್ಯನನ್ನು ಪಠ್ಯಪುಸ್ತಕಗಳು ನೆನೆಯದಿರುವುದು ಅನ್ಯಾಯವೆಂದೇ ನನ್ನ ಭಾವನೆ.

ಅಮೆರಿಕದಲ್ಲಿ ವಿಕ್ಟರ್ ಶ್ವೆಂಟ್ಕರ್ ಎಂಬ ಪ್ರಾಣಿ ಸಾಕಣೆಗಾರ ಅವನ್ನು ಪಳಗಿಸಿ ಮರಿಮಾಡಿಸಿದ. ಬಾಸ್ಟನ್ನಿನ ಜಾರ್ಜ್ ಯೆರ್ಗೇನಿಯನ್ ಅವನಿಂದ ಕೆಲವನ್ನು ಪಡೆದು ವರ್ಣತಂತುಗಳನ್ನು ಅಭ್ಯಾಸಮಾಡಿದರು. ಮನುಷ್ಯನಲ್ಲಿ 46 ಇದ್ದರೆ ಇದರಲ್ಲಿ 22 ಮಾತ್ರ. ದೊಡ್ಡವು ಬೇರೆ, ಸೂಕ್ಷ್ಮದರ್ಶಕದಲ್ಲಿ ಒಂದೊಂದನ್ನೂ ಗುರುತಿಸಿ ಎಣಿಸಬಹುದು. ಡೆನ್ವರ್‌ನ ಥಿಯೊಡೋರ್ ಪಕ್ ಅವರಿಗೆ ಬೇಕಾಗಿದ್ದದ್ದೂ ಅದೇ. ಯೆರ್ಗೇನಿಯನ್ ಕಳಿಸಿದ ಹೆಣ್ಣು ಹ್ಯಾಮ್ಸ್ಟರಿನಿಂದ ಅವರು ಬೆಳೆಸಿದ ಜೀವಕೋಶಗಳೇ ಇವತ್ತು ಪ್ರಯೋಗಾಲಯದವರು 'ಚೋ' ಎಂದು ಕರೆಯುವ ತಳಿ.

1980ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಗೇಲ್ ಅರ್ಲಾಬ್ ಮತ್ತು ಲಾರೆನ್ಸ್ ಚೇಸಿನ್, ಡಿಎನ್‌ಎ ಕಟ್ಟಲು ಬೇಕಾದ ಕಿಣ್ವವೊಂದನ್ನು ಕಳೆದುಕೊಂಡ ಚೋ ಜೀವಕೋಶಗಳನ್ನು ಪ್ರತ್ಯೇಕಿಸಿದರು. ಆ ಕಿಣ್ವದ ಜೀನಿನ ಜೊತೆಗೆ ಔಷಧದ ಜೀನನ್ನೂ ಕೂಡಿಸಿ ಒಳಗೆ ಬಿಟ್ಟರೆ, ಅದನ್ನು ಪಡೆದ ಜೀವಕೋಶ ಮಾತ್ರ ಬದುಕುತ್ತದೆ. ಆಮೇಲೆ ಮೆಥೊಟ್ರೆಕ್ಸೇಟ್ ಎಂಬ, ಆ ಕಿಣ್ವವನ್ನೇ ತಡೆಯುವ ಮದ್ದನ್ನು ಮೆಲ್ಲಮೆಲ್ಲನೆ ಏರಿಸುತ್ತಾರೆ. ಜೀನಿನ ಪ್ರತಿಗಳನ್ನು ಹೆಚ್ಚಿಸಿಕೊಂಡ ಜೀವಕೋಶಗಳು ಉಳಿದುಕೊಳ್ಳುತ್ತವೆ. ಅದರೊಂದಿಗೆ ಔಷಧದ ಜೀನಿನ ಪ್ರತಿಗಳೂ ಹೆಚ್ಚುತ್ತವೆ. 1987ರಲ್ಲಿ ಹೃದಯಾಘಾತದಲ್ಲಿ ರಕ್ತದ ಹೆಪ್ಪು ಕರಗಿಸುವ ಟಿಪಿಎ ಚೋ ಜೀವಕೋಶದಿಂದಲೇ ಬಂತು.

ಹೊಸ ಔಷಧ ಬಂದಾಗಲೆಲ್ಲ ಕಂಪನಿಯ ಹೆಸರು ದಪ್ಪಕ್ಷರದಲ್ಲಿ ಬರುತ್ತದೆ, 'ಕ್ರಾಂತಿ' ಎಂಬ ಮಾತಿಗೂ ಬರವಿಲ್ಲ. ಅದು ನಿಂತಿರುವುದು ನ್ಯುಮೋನಿಯಾಕ್ಕೋ ಕಾಳಾ ಆಜಾರ್‌ಗೋ ಬೇರೆಯವರು ಮಾಡಿದ ಕೆಲಸದ ಮೇಲೆ ಎಂಬುದು ಸುದ್ದಿಯಾಗುವುದಿಲ್ಲ. ಬೆಂಗಳೂರಿನ ಬಯೋಕಾನ್ ತಯಾರಿಸುವ ಸ್ತನ ಕ್ಯಾನ್ಸರಿನ ಟ್ರಾಸ್ಟುಜುಮಾಬ್‌ಗೆ 2017ರಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟಾಗಲೂ ಚೋ ಜೀವಕೋಶದ ಹೆಸರನ್ನು ಎತ್ತಿದವರು ವಿರಳ.

ಹಳ್ಳಿಯ ಓದುಗರಿಗೆ ಇನ್ನೊಂದು ಮಾತು. ದನಗಳ ಕಾಲುಬಾಯಿ ಜ್ವರದ ಲಸಿಕೆಯ ವೈರಸ್ಸನ್ನು ಬೆಳೆಸುವುದೂ ಹ್ಯಾಮ್ಸ್ಟರಿನ ಜೀವಕೋಶದಲ್ಲೇ. ಅದು ಬೇರೆ ಜಾತಿ, ಸಿರಿಯಾದ ಹ್ಯಾಮ್ಸ್ಟರ್. ಅದರ ಮರಿಯ ಮೂತ್ರಪಿಂಡದಿಂದ 1961ರಲ್ಲಿ ಗ್ಲಾಸ್ಗೋದಲ್ಲಿ ಬಂದ ತಳಿ ಅದು. ಹೆಬ್ಬಾಳದ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯಲ್ಲಿ ಲಸಿಕೆ ತಯಾರಿಸಿದ್ದು ಇದೇ ತಳಿಯಲ್ಲಿ. ಈಗ ಸರ್ಕಾರ ಆರು ತಿಂಗಳಿಗೊಮ್ಮೆ ಉಚಿತವಾಗಿ ಈ ಲಸಿಕೆ ಹಾಕಿಸುತ್ತದೆ. ಪಶುವೈದ್ಯರು ಊರಿಗೆ ಬಂದ ದಿನ ದನಗಳನ್ನು ಮೇಯಲು ಬಿಡದೆ ಕೊಟ್ಟಿಗೆಯಲ್ಲೇ ಕಟ್ಟಿಹಾಕಿ. ನಾಲ್ಕು ತಿಂಗಳು ತುಂಬಿದ ಕರುಗಳಿಗೂ ಹಾಕಿಸಿ.