ಮೂರು ನಿಮಿಷದ ಮಂಜುಗಡ್ಡೆ

ನಿಮಿಷಕ್ಕೆ 350ರಿಂದ 600 ಸಲ. ಏಟ್ರಿಯಲ್ ಫೈಬ್ರಿಲೇಶನ್ ಎಂಬ ಲಯದೋಷ ಕಾಡಿದಾಗ ಹೃದಯದ ಮೇಲಿನ ಕೋಣೆಗಳಲ್ಲಿ ವಿದ್ಯುತ್ತು ಮಿಡಿಯುವ ವೇಗವಿದು. ಇಷ್ಟು ವೇಗದಲ್ಲಿ ಕೋಣೆ ಹಿಂಡಿಕೊಳ್ಳಲಾರದು, ಬರೀ ಅದುರುತ್ತದೆ. ಈ ಸಂಕೇತಗಳೆಲ್ಲ ಕೆಳಗಿನ ಕೋಣೆಗಳಿಗೂ ಇಳಿದರೆ ಮನುಷ್ಯ ಉಳಿಯುವುದು ಕಷ್ಟ. ನಡುವೆ ಕೂತ ಎವಿ ನೋಡ್ ಎಂಬ ಪುಟ್ಟ ಗಂಟು ಬಹುಪಾಲನ್ನು ತಡೆದು, ನೂರು-ನೂರೈವತ್ತನ್ನಷ್ಟೇ ಕೆಳಕ್ಕೆ ಬಿಡುತ್ತದೆ. ಆದರೂ ಎದೆ ಡವಗುಟ್ಟುತ್ತದೆ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಅದುರುವ ಕೋಣೆಯ ಮೂಲೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟಿ ಮಿದುಳಿಗೇರಿದರೆ ಲಕ್ವ. ಈ ಲಯದೋಷ ಇರುವವರಿಗೆ ಆ ಅಪಾಯ ಸುಮಾರು ಐದು ಪಟ್ಟು.

ಇಷ್ಟೆಲ್ಲ ಗದ್ದಲ ಹುಟ್ಟುವ ಜಾಗ ಎಷ್ಟು ದೊಡ್ಡದು? ಫ್ರಾನ್ಸಿನ ಬೋರ್ಡೋದಲ್ಲಿ ಮಿಶೆಲ್ ಹೈಸಗೇರ್ ಅವರ ತಂಡ 45 ರೋಗಿಗಳ ಹೃದಯದಲ್ಲಿ ಅದನ್ನು ಹುಡುಕಿ 1998ರಲ್ಲಿ ಉತ್ತರ ಪ್ರಕಟಿಸಿತು. ಪುಂಡ ಮಿಡಿತ ಹೊರಡುವ ತಾಣಗಳು ಸಿಕ್ಕಿದ್ದು 69. ಅವುಗಳಲ್ಲಿ ಶೇ 94ರಷ್ಟು, ಶ್ವಾಸಕೋಶದಿಂದ ಎಡಗಡೆಯ ಮೇಲಿನ ಕೋಣೆಗೆ ರಕ್ತ ತರುವ ಅಭಿಧಮನಿಗಳ ಒಳಗೆ, ಕೇವಲ 2ರಿಂದ 4 ಸೆಂ.ಮೀ. ಆಳದಲ್ಲಿದ್ದವು. ಇಂಥ ನಾಳಗಳು ಸಾಮಾನ್ಯವಾಗಿ ನಾಲ್ಕು. ಪುಂಡನನ್ನು ಹಿಡಿಯುವ ಗೋಜೇ ಬೇಡ, ನಾಲ್ಕು ಬಾಯಿಗಳ ಸುತ್ತ ಬೇಲಿ ಹಾಕಿದರೆ ಸಾಕು. ಬೇಲಿ ಅಂದರೆ ಸತ್ತ ಜೀವಕೋಶಗಳ ಒಂದು ಉಂಗುರ. ಸತ್ತದ್ದರಲ್ಲಿ ವಿದ್ಯುತ್ತು ಹರಿಯದು.

ರೇಡಿಯೋ ತರಂಗದ ಶಾಖದಿಂದ ಚುಕ್ಕಿ ಪಕ್ಕ ಚುಕ್ಕಿ ಸುಡುತ್ತ ಈ ಉಂಗುರ ಮಾಡುವುದು ಹಳೆಯ ಕ್ರಮ. 2010ರ ಡಿಸೆಂಬರಿನಲ್ಲಿ ಅಮೆರಿಕದ ಅನುಮತಿ ಪಡೆದ ಕ್ರಯೋಬಲೂನ್ ಅದನ್ನು ಒಂದೇ ಏಟಿಗೆ ಮಾಡುತ್ತದೆ. ಮೂರೂವರೆ ಮಿ.ಮೀ. ದಪ್ಪದ ಕ್ಯಾಥೆಟರ್ ಎಂಬ ಕೊಳವೆಗೆ ಸುತ್ತಿಕೊಂಡ ಬಲೂನು ತೊಡೆಸಂದಿನ ರಕ್ತನಾಳದಿಂದ ಹತ್ತಿ, ಕೋಣೆಗಳ ನಡುವಿನ ಗೋಡೆ ದಾಟಿ, ನಾಳದ ಬಾಯಲ್ಲಿ 28 ಮಿ.ಮೀ.ಗೆ ಉಬ್ಬುತ್ತದೆ. ಬಣ್ಣದ್ರವ ಬಿಟ್ಟು, ಅಂಚಿನಲ್ಲಿ ಸೋರುತ್ತಿಲ್ಲ ಎಂದು ಎಕ್ಸ್-ರೇ ಪರದೆಯ ಮೇಲೆ ಖಾತ್ರಿ ಮಾಡಿಕೊಂಡ ಮೇಲೆ ಬಲೂನಿನೊಳಕ್ಕೆ ದ್ರವ ನೈಟ್ರಸ್ ಆಕ್ಸೈಡ್ ಚಿಮ್ಮುತ್ತದೆ. ಅರಿವಳಿಕೆಗೆ ಬಳಸುವ ಅದೇ ನಗೆ ಅನಿಲ. ಅದು ಕುದಿಯುವುದು ಮೈನಸ್ 88.5 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಹೋಲಿಕೆಗೆ, ಅಂಟಾರ್ಕ್ಟಿಕಾದ ವೋಸ್ಟೋಕ್ ಠಾಣ್ಯದಲ್ಲಿ 1983ರ ಜುಲೈ 21ರಂದು ದಾಖಲಾದ ಚಳಿ ಮೈನಸ್ 89.2. ದ್ರವ ಆವಿಯಾಗುತ್ತ ಸುತ್ತಲ ಶಾಖ ಹೀರಿದಂತೆ ಬಲೂನಿನ ತಾಪ ಮೈನಸ್ 40, ಮೈನಸ್ 50ಕ್ಕೆ ಇಳಿಯುತ್ತದೆ. ಪಕ್ಕದಲ್ಲೇ 37 ಡಿಗ್ರಿಯ ಬಿಸಿ ರಕ್ತ. ಬಲೂನು ಗೋಡೆಗೆ ಹೆಪ್ಪಾಗಿ ಅಂಟಿಕೊಳ್ಳುತ್ತದೆ. ಸುಮಾರು ಮೂರು ನಿಮಿಷ. ಅಷ್ಟರಲ್ಲಿ ಹೃದಯ ಇನ್ನೂರಕ್ಕೂ ಹೆಚ್ಚು ಸಲ ಬಡಿದಿರುತ್ತದೆ, ಬಲೂನು ಕದಲಿರುವುದಿಲ್ಲ.

ಬಲಗಡೆಯ ನಾಳಗಳ ಬಳಿ ಒಂದು ಕಂಟಕವಿದೆ. ಉಸಿರಾಟದ ವಪೆಯನ್ನು ಆಡಿಸುವ ಫ್ರೆನಿಕ್ ನರ ಅಲ್ಲೇ ಹಾದುಹೋಗುತ್ತದೆ; ಚಳಿ ಅದಕ್ಕೂ ತಗಲಬಹುದು. ಹಾಗಾಗಿ ಇನ್ನೊಂದು ತಂತಿಯಿಂದ ಆ ನರವನ್ನು ತಟ್ಟುತ್ತಲೇ ಇರುತ್ತಾರೆ, ಒಂದು ಕೈ ರೋಗಿಯ ಹೊಟ್ಟೆಯ ಮೇಲಿರುತ್ತದೆ. ಪ್ರತಿ ತಟ್ಟಿಗೂ ವಪೆ ಅಂಗೈಗೆ ಒದೆಯಬೇಕು. ಒದೆತ ಸ್ವಲ್ಪ ಸೊರಗಿತೋ, ಆ ಕ್ಷಣವೇ ಹೆಪ್ಪುಗಟ್ಟಿಸುವುದು ಬಂದ್.

ಫಲ? 2016ರ ‘ಫೈರ್ ಅಂಡ್ ಐಸ್’ ಅಧ್ಯಯನದಲ್ಲಿ 762 ರೋಗಿಗಳಿದ್ದರು. ಬೆಂಕಿ, ಮಂಜು ಎರಡೂ ಸರಿಸಮ. ಸಮಯ ಮಾತ್ರ ಸರಾಸರಿ 141 ನಿಮಿಷದಿಂದ 124ಕ್ಕೆ ಇಳಿಯಿತು. 2021ರಲ್ಲಿ ಕೆನಡಾದ ವೈದ್ಯರು 303 ಜನರಲ್ಲಿ, ಮಾತ್ರೆಗೂ ಮೊದಲೇ ಬಲೂನು ಬಳಸಿದರೆ ಹೇಗೆಂದು ನೋಡಿದರು. ಅವರ ಅಳತೆ ಬಲು ಕಟುವಾದದ್ದು. ಗಾಯ ಮಾಯಲು ಮೊದಲ ಮೂರು ತಿಂಗಳು ಬಿಟ್ಟರೆ, ವರ್ಷ ತುಂಬುವವರೆಗೆ ಎದೆಯ ಚರ್ಮದಡಿಯ ಯಂತ್ರ ಹಗಲಿರುಳು ಕಾಯುತ್ತಿತ್ತು. ಒಮ್ಮೆ 30 ಸೆಕೆಂಡು ಲಯ ತಪ್ಪಿದರೂ ಸೋಲೆಂದೇ ಲೆಕ್ಕ. ಒಂಬತ್ತು ತಿಂಗಳೆಂದರೆ ಎರಡೂವರೆ ಕೋಟಿಗೂ ಮಿಕ್ಕ ಮಿಡಿತ. ಈ ಪರೀಕ್ಷೆಯಲ್ಲಿ ಮಾತ್ರೆ ನುಂಗಿದವರಲ್ಲಿ ಪಾಸಾದವರು ಶೇ 32. ನಾಲ್ಕು ನಾಳದ ಬಾಯಿಗೆ ಕೆಲವು ನಿಮಿಷ ಮಂಜು ಹಿಡಿಸಿಕೊಂಡವರಲ್ಲಿ ಶೇ 57.